ಪುಟ್ಟಿ, ಬಿಟ್ಟು ಬರುವ ಮುಂಚೆ ಇದನ್ನು ಓದು

ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ಆದದ್ದನ್ನು ಮತ್ತೆ ಎತ್ತುವುದಿಲ್ಲ. ನೀನು ಅತ್ತಿದ್ದು, ನಾನು ರೇಗಿದ್ದು ಇಬ್ಬರಿಗೂ ಗೊತ್ತು. ಆದರೆ "ಪಿಎಚ್‌ಡಿ ಬಿಟ್ಟು ಬರ್ತೀನಿ ಅಮ್ಮ" ಅಂದೆಯಲ್ಲ, ಆ ಮಾತು ನನಗೆ ನಿದ್ದೆ ಕೊಡುತ್ತಿಲ್ಲ.

ಆರು ತಿಂಗಳು ಒದ್ದಾಡಿ ಮಾಡಿದ ಕಾಂಪೌಂಡನ್ನು 1962ರಲ್ಲೇ ಜರ್ಮನಿಯಲ್ಲಿ ಯಾರೋ ಮಾಡಿಟ್ಟಿದ್ದಾರೆ ಅಂತ ಗೊತ್ತಾದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ನನಗೂ ಹಾಗೇ ಆಗಿತ್ತು. ಮದುವೆ ಗೊತ್ತಾಯಿತು, ಅದಕ್ಕೇ ಓದು ನಿಲ್ಲಿಸಿದೆ ಅಂತ ನಿನಗೆ ಹೇಳುತ್ತಾ ಬಂದಿದ್ದೇನೆ. ಅದು ನಿಜವಲ್ಲ.

1986ರಲ್ಲಿ ಮಾನಸಗಂಗೋತ್ರಿಯಲ್ಲಿ ರಿಸರ್ಚಿಗೆ ಸೇರಿದ್ದೆ. ನನ್ನದು ಅನಿಲಿನ್ ಗುಂಪಿನ ಒಂದು ಕಾಂಪೌಂಡು. ಮೊದಲೇ ಯಾರಾದರೂ ಮಾಡಿದ್ದಾರಾ ಅಂತ ನೋಡಲು ಆಗ ಇದ್ದದ್ದು ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್. ಲೋಕದ ಕೆಮಿಸ್ಟ್ರಿ ಪೇಪರುಗಳ ಸಾರಾಂಶ ಅದರಲ್ಲಿ ಬರುತ್ತಿತ್ತು. 1907ರಿಂದ ಬಂದ ಸಂಪುಟಗಳು, ಗೋಡೆ ತುಂಬಾ. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟ್ ಲೈಬ್ರರಿಯಲ್ಲಿ ಕೂತೆ. ಐದೈದು ವರ್ಷಕ್ಕೆ ಒಟ್ಟು ಸೇರಿಸಿದ ಇಂಡೆಕ್ಸುಗಳು. ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಬೇಕು. 'ಎ' ಅಕ್ಷರ ತೆಗೆದೆ. 1971ರವರೆಗೆ ಕಾಲಂಗಟ್ಟಲೆ ಅನಿಲಿನ್. 1972ರಿಂದ ಆಚೆಗೆ ನನ್ನದೂ ಇಲ್ಲ, ಬೇರೆಯವರದೂ ಇಲ್ಲ. ಖುಷಿಯಿಂದ ಪುಸ್ತಕ ಮುಚ್ಚಿ ಸಂಜೆ ರೈಲಿಗೆ ವಾಪಸ್ ಬಂದೆ.

ಲೋಕದ ಕೆಮಿಸ್ಟರೆಲ್ಲ ಒಂದೇ ವರ್ಷ ಅನಿಲಿನ್ ಬಿಟ್ಟುಬಿಡುತ್ತಾರಾ? ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಇವತ್ತಿಗೂ ಸಾರಿಗೆ ಒಗ್ಗರಣೆ ಹಾಕುವಾಗ ಅದು ನೆನಪಾಗುತ್ತದೆ.

ಹದಿನಾಲ್ಕು ತಿಂಗಳು ಕೆಲಸ ಮಾಡಿದೆ. ಆಮೇಲೆ ಪಕ್ಕದ ಲ್ಯಾಬಿನ ಸೀನಿಯರ್ ಒಬ್ಬರು "ಫಾರ್ಮುಲಾ ಇಂಡೆಕ್ಸ್ ನೋಡಿದ್ರಾ?" ಅಂತ ಕೇಳಿದರು. ಮತ್ತೆ ಅದೇ ರೈಲು, ಅದೇ ಮೇಜು. ಅದರಲ್ಲಿ ಹೆಸರು ಹಿಡಿದಲ್ಲ, ಫಾರ್ಮುಲಾ ಹಿಡಿದು ಹುಡುಕುವುದು: ಕಾರ್ಬನ್ ಮೊದಲು, ಹೈಡ್ರೋಜನ್ ಆಮೇಲೆ, ಮಿಕ್ಕಿದ್ದು ಅಕ್ಷರದ ಕ್ರಮದಲ್ಲಿ. ಹತ್ತು ನಿಮಿಷ ಹಿಡಿಯಲಿಲ್ಲ. 81ನೇ ಸಂಪುಟ, 1974ರ ಪೇಪರು. ಹೆಸರು ಮಾತ್ರ ಅನಿಲಿನ್ ಬದಲು ಬೆಂಜೀನಮೀನ್ ಅಂತ ಶುರುವಾಗಿತ್ತು. 1972ರಲ್ಲಿ ಅಬ್‌ಸ್ಟ್ರಾಕ್ಟ್ಸಿನವರು ಹೆಸರಿಡುವ ಪದ್ಧತಿಯನ್ನೇ ಬದಲಾಯಿಸಿದ್ದರು. ಇಂಡೆಕ್ಸ್ ಗೈಡ್ ಅನ್ನುವ ಬೇರೆ ಸಂಪುಟದಲ್ಲಿ ಅದನ್ನು ಬರೆದೂ ಇದ್ದರು. ನಾನು ಅದನ್ನು ಮುಟ್ಟಿರಲಿಲ್ಲ. 'ಬಿ' ಅಕ್ಷರದ ಸಂಪುಟ ಅದೇ ಕಪಾಟಿನಲ್ಲಿ, ನನ್ನ ಮೊಣಕೈ ಹತ್ತಿರವೇ ಇತ್ತು. ಆ ಪೇಪರಿನವರ ಕರಗುವ ಬಿಂದುವಿಗೂ ನನ್ನದಕ್ಕೂ ಎರಡೇ ಡಿಗ್ರಿ ವ್ಯತ್ಯಾಸ. ಅದೇ ಕಾಂಪೌಂಡು.

ಯಾರೂ ಬೈಯಲಿಲ್ಲ. ನಾನೇ ಹೋಗುವುದನ್ನು ನಿಲ್ಲಿಸಿದೆ.

ಇಷ್ಟೆಲ್ಲ ಗೊತ್ತಿದ್ದೂ ನೀನು ಸೇರಿದ ಹೊಸದರಲ್ಲಿ ನಾನು ಏನಂದೆ? "ಎಷ್ಟು ದಿನ ಅಂತ ಕಂಪ್ಯೂಟರ್ ಮುಂದೆ ಕೂತಿರ್ತೀಯ, ಲ್ಯಾಬಿಗೆ ಹೋಗು." ತಪ್ಪು ಮಾಡಿದೆ ಪುಟ್ಟಿ. ನೀನು ಹಳೆಯ ಪೇಪರು ಹುಡುಕುತ್ತಿದ್ದೆ. ನಾನು ಎಬ್ಬಿಸಿದೆ.

ಈಗ ನಿನ್ನ ಹತ್ತಿರ ಇರುವುದು ನನ್ನ ಹತ್ತಿರ ಇರಲಿಲ್ಲ. ಸುಮ್ನೆ ಹೆಸರು ಟೈಪ್ ಮಾಡಬೇಡ. ಹೆಸರು ಬದಲಾಗುತ್ತೆ. ಸ್ಟ್ರಕ್ಚರ್ ಬರೆದು ಹುಡುಕು. ಪೂರ್ತಿ ಸಿಗದಿದ್ದರೆ ಅದರ ತುಂಡನ್ನು ಹುಡುಕು, ಅದರ ಸಾಲ್ಟ್ ರೂಪವನ್ನೂ ಬಿಡಬೇಡ. 1965ರಿಂದ ಅಬ್‌ಸ್ಟ್ರಾಕ್ಟ್ಸಿನವರು ಪ್ರತಿ ಕಾಂಪೌಂಡಿಗೂ ರಿಜಿಸ್ಟ್ರಿ ನಂಬರ್ ಅಂತ ಒಂದು ಗುರುತಿನ ನಂಬರು ಕೊಡುತ್ತಾ ಬಂದಿದ್ದಾರೆ. ಅನಿಲಿನ್‌ದು 62-53-3. ಕೊನೆಯ ಅಂಕಿ ಬಿಟ್ಟು ಬಲಗಡೆಯಿಂದ ಒಂದು, ಎರಡು, ಮೂರು, ನಾಲ್ಕರಿಂದ ಗುಣಿಸುತ್ತಾ ಹೋಗು: ಮೂರು, ಹತ್ತು, ಆರು, ಇಪ್ಪತ್ತನಾಲ್ಕು. ಕೂಡಿದರೆ 43. ಅದರ ಕೊನೆಯ 3 ಆ ನಂಬರಿನ ಕೊನೆಯ 3. ಒಂದಂಕಿ ತಪ್ಪಿ ಬರೆದಿದ್ದರೂ ಹೆಚ್ಚಿನ ಸಲ ಅಲ್ಲೇ ಗೊತ್ತಾಗುತ್ತೆ. ಆ ಸಂಪುಟದಲ್ಲೂ ಹೆಸರಿನ ಪಕ್ಕ ಇಂಥ ನಂಬರು ಇತ್ತು. ನನಗೆ ಅದನ್ನು ನೋಡಲು ಯಾರೂ ಕಲಿಸಿರಲಿಲ್ಲ.

ಜರ್ಮನ್ ಪೇಪರು ಅಂತ ಹೆದರಬೇಡ. ಹಳೆಯ ಆರ್ಗಾನಿಕ್ ಕೆಮಿಸ್ಟ್ರಿ ಎಷ್ಟೋ ಆ ಭಾಷೆಯಲ್ಲೇ ಇದೆ. ಬೈಲ್‌ಸ್ಟೈನ್ ಅನ್ನುವ ಕಾಂಪೌಂಡುಗಳ ಹಳೆಯ ದೊಡ್ಡ ಪುಸ್ತಕದ ಸರಕೆಲ್ಲ ಈಗ ಕಂಪ್ಯೂಟರಿನಲ್ಲೇ, ರೀಆಕ್ಸಿಸ್‌ನಲ್ಲಿ ಸಿಗುತ್ತೆ. ಅಬ್‌ಸ್ಟ್ರಾಕ್ಟ್ ಓದಿ ನಿಲ್ಲಿಸದೆ ಎಕ್ಸ್‌ಪೆರಿಮೆಂಟಲ್ ಭಾಗ ಓದು. ಒಂದು ಒಳ್ಳೆ ಪೇಪರು ಸಿಕ್ಕರೆ ಅದು ಉದಾಹರಿಸಿದ ಹಳೆಯ ಪೇಪರುಗಳನ್ನೂ ನೋಡು, ಆಮೇಲೆ ಅದನ್ನು ಯಾರು ಉದಾಹರಿಸಿದ್ದಾರೆ ಅಂತಲೂ ನೋಡು. ಯಾವ ದಿನ, ಎಲ್ಲಿ, ಏನು ಹುಡುಕಿದೆ, ಏನು ಸಿಗಲಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡು. ಸಿಗದಿದ್ದದ್ದನ್ನು ಖಂಡಿತ ಬರಿ. ಪಾಠ ಜಾಸ್ತಿ ಆಯಿತು, ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಹೇಳಿದ ಬಾಯಿ ಇದು.

ಇನ್ನೊಂದು. ಆ ಜರ್ಮನ್ ಪೇಪರನ್ನು ಹುಡುಕಿದ್ದು ನಿನ್ನ ಗೈಡ್ ಅಲ್ಲ, ರೆಫರೀ ಅಲ್ಲ, ನೀನು. ನನಗೆ ಇನ್ನೊಬ್ಬರು ಹೇಳಬೇಕಾಯಿತು. ನೀನು ಅಳುತ್ತಿದ್ದಾಗ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ. ಆ ಪೇಪರಿನಲ್ಲಿ ಕರಗುವ ಬಿಂದು, ಎಲಿಮೆಂಟಲ್ ಅನಾಲಿಸಿಸ್ ಬಿಟ್ಟರೆ ಏನೂ ಇಲ್ಲ ಅಂತ ನೀನೇ ಅಂದೆ. ಹಾಗಾದರೆ ಅಣುವಿನ ರಚನೆ ತೋರಿಸುವ ಎನ್‌ಎಂಆರ್ ನಿನ್ನದು, ಕ್ರಿಸ್ಟಲ್ ಸ್ಟ್ರಕ್ಚರ್ ನಿನ್ನದು, ಅಲ್ವಾ? ಅವರು ಹೇಗೆ ಮಾಡಿದರು, ನಿನಗೆ ಎಷ್ಟು ಯೀಲ್ಡ್ ಬಂತು, ಪಕ್ಕ ಪಕ್ಕ ಇಟ್ಟು ನೋಡಿದೆಯಾ?

ಬಿಡುವುದೋ ಇರುವುದೋ ನೀನೇ ತೀರ್ಮಾನ ಮಾಡು. ನನಗೆ ಹೆದರಿಕೆ ಇರುವುದು ನಿಜ. ಆದರೆ ಈ ವಾರ ಬೇಡ.

ಹುರಿಹಿಟ್ಟು ಕಳಿಸಿದ್ದೇನೆ. ಅದರ ಕೆಳಗೆ ನನ್ನ 1986ರ ನೋಟ್‌ಬುಕ್ ಇದೆ, ಹುಷಾರು, ಬೈಂಡು ಬಿಟ್ಟಿದೆ. ನಿನ್ನ ಕಾಂಪೌಂಡಿನ ಫಾರ್ಮುಲಾ ಬರೆದು ಕಳಿಸು. ಕಾರ್ಬನ್ ಮೊದಲು.

ಅಮ್ಮ