ಮಕ್ಕಳ ಫೋಟೊ ಕೇಳುವ ಮುಂಚೆ ಒಂದು ಸುತ್ತೋಲೆ ಹೊರಡಿಸಿ, ಸಚಿವರೇ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ ಸರ್. ನನ್ನ ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ಕ್ಲಾಸು. ನಾನು ಅಲ್ಲಿನ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯೆ.

ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಊರಿನ ವಾಟ್ಸಾಪ್ ಗ್ರೂಪುಗಳನ್ನು ನೋಡಿದ್ದೀರಾ? ಒಂದರ ಹಿಂದೊಂದು ಅಂಕಪಟ್ಟಿ. ಖುಷಿ ಪಡಬೇಡಿ ಅನ್ನುವವಳಲ್ಲ ನಾನು. ಆದರೆ ಆ ಹಾಳೆಯಲ್ಲಿ ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನಾಂಕ, ರಿಜಿಸ್ಟರ್ ನಂಬರ್ ಎಲ್ಲ ಇರುತ್ತದೆ. "ನಿಮ್ಮ ಮಗಳಿಗೆ ಸ್ಕಾಲರ್‌ಶಿಪ್ ಬಂದಿದೆ, ಒಟಿಪಿ ಹೇಳಿ" ಅಂತ ಈ ವಿವರಗಳನ್ನೆಲ್ಲ ಒಪ್ಪಿಸುತ್ತಾ ಯಾರಾದರೂ ಫೋನ್ ಮಾಡಿದರೆ ಯಾವ ತಾಯಿ ನಂಬುವುದಿಲ್ಲ?

2020ರಲ್ಲಿ ಕೊರೊನಾ ಬಂದಾಗ ಪಾಠಕ್ಕೆ ಅಂತಲೇ ಮಕ್ಕಳ ಕೈಗೆ ಮೊಬೈಲ್ ಬಂತು. ಅದನ್ನು ಹೇಗೆ ಬಳಸಬೇಕು ಅನ್ನುವ ಪಾಠ ಮಾತ್ರ ಇನ್ನೂ ಬಂದಿಲ್ಲ. ನಮ್ಮ ಶಾಲೆಯಲ್ಲಿ ಆಗುವುದು ವರ್ಷಕ್ಕೊಂದು ಭಾಷಣ. "ಇನ್‌ಸ್ಟಾಗ್ರಾಂ ಮುಟ್ಟಬೇಡಿ" ಅಂತ ಹೆದರಿಸುತ್ತಾರೆ. ಮಕ್ಕಳು ಸುಮ್ನೆ ತಲೆಯಾಡಿಸಿ ಸಂಜೆ ರೀಲ್ಸ್ ನೋಡುತ್ತಾರೆ.

ಕಳೆದ ವರ್ಷ ಕೆಲವು ಹುಡುಗರು ಶಾಲೆಯ ಹೆಸರಲ್ಲೇ ಟ್ರೋಲ್ ಪೇಜ್ ಮಾಡಿದರು. ಬಿಸಿಯೂಟಕ್ಕೆ ಕೂತ ಹುಡುಗಿಯೊಬ್ಬಳ ಫೋಟೊ, ಬಾಯಿತುಂಬ ಅನ್ನ, ಮೇಲೊಂದು ಕೀಳು ಸಾಲು. ಬೈಸಿಕೊಂಡು ಪೇಜ್ ಅಳಿಸಿದರು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಪಕ್ಕದೂರಿನ ಗ್ರೂಪಿಗೂ ಹೋಗಿತ್ತು. ಆ ಹುಡುಗಿ ಬಹಳ ದಿನ ಶಾಲೆ ಕಡೆ ತಲೆ ಹಾಕಲಿಲ್ಲ. ಹುಡುಗರಿಗೆ ಟಿಸಿ ಕೊಡುತ್ತೇವೆ ಅಂತ ಗದರಿಸಿ ಕಳಿಸಿದ್ದಾಯಿತು. ಅಳಿಸಿದ ಮೇಲೂ ಅದು ಯಾಕೆ ಉಳಿಯಿತು, ಅವಳಿಗೆ ಏನಾಯಿತು ಅಂತ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಇದೇ ಚೇಷ್ಟೆ ಆ ಹುಡುಗಿಯ ಮುಖ ಅಂಟಿಸಿ ಅಶ್ಲೀಲ ಚಿತ್ರ ಮಾಡುವ ತನಕ ಹೋಗಿದ್ದರೆ? ಮಕ್ಕಳ ಅಶ್ಲೀಲ ಚಿತ್ರಕ್ಕೆ ಶಿಕ್ಷೆ ಹೇಳುವ ಐಟಿ ಕಾಯ್ದೆಯ 67ಬಿ ಕಲಂ ಇದೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ ಇದೆ. ಮಾಡಿದವನೂ ಮೀಸೆ ಮೂಡದ ಹುಡುಗ. ಬಾಲನ್ಯಾಯ ಮಂಡಳಿ ಮುಂದೆ ನಿಲ್ಲಬೇಕಾಗುತ್ತಿತ್ತು.

ಹೊಸ ಪಠ್ಯಪುಸ್ತಕ ಬೇಡ ಸರ್. ಪರೀಕ್ಷೆಯಂತೂ ಬೇಡವೇ ಬೇಡ. ಬ್ಯಾಗಿಲ್ಲದ 'ಸಂಭ್ರಮ ಶನಿವಾರ' ಇದೆಯಲ್ಲ, ಅದರಲ್ಲೇ ಒಂದು ತಾಸು ಕೊಡಿ. ಮಕ್ಕಳು ತಮ್ಮ ಹೆಸರನ್ನು ತಾವೇ ಗೂಗಲ್‌ನಲ್ಲಿ ಹುಡುಕಿ ನೋಡಲಿ. ಅಕೌಂಟ್ ಪ್ರೈವೇಟ್ ಮಾಡುವುದನ್ನು ಕಲಿಯಲಿ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ 1930ಕ್ಕೆ, ಯಾರಾದರೂ ಕಾಟ ಕೊಟ್ಟರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು ಅನ್ನುವುದು ಮಗ್ಗಿಯ ಥರ ಬಾಯಿಗೆ ಬರಲಿ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಫೋಟೊ ಹಾಕುವ ಮುಂಚೆ ಕೇಳಬೇಕು ಅಂತ ಮಕ್ಕಳಿಗೆ ಹೇಳುವ ಮುಖ ನಮಗೆಲ್ಲಿದೆ? ಮೊಟ್ಟೆ ಹಂಚಿದರೂ ಫೋಟೊ, ಶೂ ಕೊಟ್ಟರೂ ಫೋಟೊ. ಮೇಷ್ಟ್ರು ದಾಖಲೆಗೆ ಅಂತ ಗ್ರೂಪಿಗೆ ಹಾಕುತ್ತಾರೆ, ಅಲ್ಲಿಂದ ಯಾರೋ ಫೇಸ್‌ಬುಕ್‌ಗೆ ಏರಿಸುತ್ತಾರೆ. ತಟ್ಟೆ ಹಿಡಿದು ನಿಂತ ಮಗುವನ್ನು ಯಾರು ಕೇಳಿದರು? 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಅದರಲ್ಲಿ ವಿನಾಯಿತಿಗಳೂ ಇವೆ, ಗೊತ್ತು. ಆದರೆ ಬಡವರ ಮಕ್ಕಳು ಊಟ ಮಾಡುವುದನ್ನು ಊರಿಗೆಲ್ಲ ತೋರಿಸಲು ವಿನಾಯಿತಿ ಯಾಕೆ ಬೇಕು, ಅಲ್ವಾ?

ಹಾಗಾಗಿ ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವ ಮೊದಲು ಒಂದು ಸುತ್ತೋಲೆ ಹೊರಡಿಸಿ. ಪೋಷಕರು ಬರೆದುಕೊಡದೆ ಮಕ್ಕಳ ಮುಖ, ಅಂಕ ಯಾವ ಗ್ರೂಪಿಗೂ ಹೋಗಬಾರದು. ಲೆಕ್ಕಕ್ಕೆ ಫೋಟೊ ಬೇಕೇ ಬೇಕಿದ್ದರೆ ಮೊಟ್ಟೆಯ ಟ್ರೇಗಳದ್ದು ತೆಗೆಯಲಿ.

ಇತಿ,
ಒಬ್ಬ ಎಸ್‌ಡಿಎಂಸಿ ಸದಸ್ಯೆ