ವಾಟ್ಸನ್ ಹೋಟೆಲ್ ಉಳಿಯಲಿ

ಮಾನ್ಯರೇ,

ನಮ್ಮ ದೇಶ ಮೊದಲ ಬಾರಿ ಸಿನಿಮಾ ನೋಡಿದ ಮುಂಬೈನ ವಾಟ್ಸನ್ ಹೋಟೆಲ್ ಕಟ್ಟಡ ಕಣ್ಣೆದುರೇ ಹಾಳಾಗುತ್ತಿದೆ. ಈಗ ಅದರ ಹೆಸರು ಎಸ್‌ಪ್ಲನೇಡ್ ಮ್ಯಾನ್ಷನ್. ಕಾಲಾ ಘೋಡಾದ ಕಡೆ ಹೋದಾಗಲೆಲ್ಲ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ. ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದು ಜೋಡಿಸಿದ ಕಬ್ಬಿಣದ ಕಂಬಗಳು ತುಕ್ಕು ಹಿಡಿದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

1896ರ ಜುಲೈ 7ರಂದು, ಸಿನಿಮಾಕ್ಕೆ ನಾಂದಿ ಹಾಡಿದ ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರಗಳನ್ನು ಇಲ್ಲಿ ತೋರಿಸಿದ್ದರು. ಟಿಕೆಟ್ಟಿಗೆ ಒಂದು ರೂಪಾಯಿ. ಆ ಕಾಲಕ್ಕೆ ಅದು ಜಾಸ್ತಿಯೇ ಅಲ್ವಾ? ಒಂದೊಂದು ಚಿತ್ರ ಹೆಚ್ಚೂಕಮ್ಮಿ ಒಂದೇ ನಿಮಿಷ. ರೈಲು ಬಂದು ನಿಲ್ಲುವುದು, ಕೆಲಸಗಾರರು ಕಾರ್ಖಾನೆಯಿಂದ ಹೊರಗೆ ಬರುವುದು, ಅಷ್ಟೇ. ಒಂದು ವಾರದಲ್ಲೇ ಪ್ರದರ್ಶನ ನಾವೆಲ್ಟಿ ಥಿಯೇಟರಿಗೆ ಹೋಯಿತು. ಅಲ್ಲಿ ನಾಲ್ಕಾಣೆಗೂ ಟಿಕೆಟ್ ಸಿಗುತ್ತಿತ್ತು, ಪರ್ದಾ ಪಾಲಿಸುವ ಹೆಂಗಸರಿಗೆ ಬೇರೆ ಬಾಕ್ಸ್ ಸೀಟುಗಳೂ ಇದ್ದವು. ಸಿನಿಮಾ ಎಲ್ಲರದ್ದಾಗಿದ್ದು ಹೀಗೆ. ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಹೆಸರಾದ, ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರಲ್ಲಿ ಬಿಡುಗಡೆಯಾದ ಗಿರಗಾಂವ್‌ನ ಕಾರೊನೇಷನ್ ಚಿತ್ರಮಂದಿರ ಈಗಿಲ್ಲ. ಇದೂ ಹಾಗೆ ಹೋಗಬಾರದು.

ಸರ್ಕಾರ ಕಟ್ಟಡವನ್ನು ಬೇಗ ದುರಸ್ತಿ ಮಾಡಿಸಿ, ಒಂದು ಕೋಣೆಯನ್ನಾದರೂ ಮೂಕಿ ಚಿತ್ರಗಳಿಗೆ ಮೀಸಲಿಡಲಿ. ಅದಕ್ಕೆ ಸಮಯ ಬೇಕೆಂದಾದರೆ, ಪ್ರತಿ ಜುಲೈ 7ರಂದು ಹತ್ತಿರದ ಯಾವುದಾದರೂ ಸಭಾಂಗಣದಲ್ಲಿ ಹಾರ್ಮೋನಿಯಂ, ತಬಲಾ ನುಡಿಸುತ್ತಾ ಹಳೆಯ ಮೂಕಿ ಚಿತ್ರಗಳನ್ನು ತೋರಿಸಲಿ. ಮುಂಬೈನ ಕನ್ನಡ ಸಂಘಗಳೂ ಇದಕ್ಕೆ ಕೈಜೋಡಿಸಬಹುದು.

– ಓದುಗ, ಮಾಟುಂಗಾ, ಮುಂಬೈ