ಆ ಪಾತ್ರ ಹಾವೇರಿ ಹುಡುಗಿಗೇ ಕೊಡು

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಹೂಂ, ಉಹೂಂ ಎನ್ನಬಹುದಿತ್ತು. ಆದರೆ ಒಲೆ ಮೇಲೆ ಸಾರು ಇಟ್ಟುಕೊಂಡು ಆಡುವ ಮಾತಲ್ಲ ಅದು. ಇವತ್ತು ಶಾಲೆಗೆ ರಜೆ, ಕೂತು ಬರೆಯುತ್ತಿದ್ದೇನೆ.

ನಿಮ್ಮ ನಾಟಕದಲ್ಲಿ ಪೋಲಿಯೋ ಆದ ಹುಡುಗಿಯ ಪಾತ್ರವಿದೆ. ಧಾರವಾಡದ ನಿನ್ನ ಗೆಳತಿ ಅದನ್ನು ಬಹಳ ಚೆನ್ನಾಗಿ ಮಾಡಿ ತೋರಿಸಿದ್ದಾಳೆ. ಹಾವೇರಿ ಕಡೆಯ ಇನ್ನೊಬ್ಬಳೂ ಬಂದಿದ್ದಾಳೆ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ, ಊರುಗೋಲು ಹಿಡಿದು ನಡೆಯುತ್ತಾಳೆ. ದನಿ ಗಟ್ಟಿ ಇದೆ, ಆದರೆ ನಟನೆ ಇನ್ನೂ ಪಳಗಿಲ್ಲ. “ಅವ್ವಾ, ಯಾರಿಗೆ ಕೊಡಲಿ? ಕನಿಕರ ಪಟ್ಟು ಕೊಟ್ಟೆ ಅಂತ ಆಗಬಾರದು” ಎಂದೆಯಲ್ಲ.

ಹಾವೇರಿ ಹುಡುಗಿಗೆ ಕೊಡು. ಕನಿಕರಕ್ಕೆ ಅಲ್ಲ.

ನಿಮ್ಮ ತಂಡದವರು ಹೇಳುವ ಮಾತು ನನಗೆ ಗೊತ್ತು. ನಟನೆ ಅಂದರೇ ತಾನಲ್ಲದ್ದು ಆಗುವುದು, ಕೊಲೆಗಾರನ ಪಾತ್ರಕ್ಕೆ ಕೊಲೆಗಾರನನ್ನೇ ಹುಡುಕುತ್ತೀವಾ ಅಂತ. ಮಾತು ಸರಿಯೇ ಇದೆ. ನಮ್ಮ ರಂಗನಟ ಏಣಗಿ ಬಾಳಪ್ಪನವರು ಹುಡುಗನಾಗಿದ್ದಾಗ ಹೆಣ್ಣಿನ ಪಾತ್ರ ಮಾಡಿ ಬೆಳೆದವರು. ಮರಾಠಿ ರಂಗದಲ್ಲಿ ಹೆಣ್ಣಿನ ಪಾತ್ರ ಮಾಡುತ್ತಿದ್ದ ಬಾಲಗಂಧರ್ವರು ಉಟ್ಟ ಸೀರೆ, ತೊಟ್ಟ ಒಡವೆ ನೋಡಿ ಹೆಂಗಸರೇ ಅನುಕರಿಸುತ್ತಿದ್ದರು. ಅವರ ನಟನೆಗೆ ಹೆಸರಿಡುವವರು ಯಾರೂ ಇರಲಿಲ್ಲ. ಹೆಣ್ಣುಮಕ್ಕಳು ಆಮೇಲೆ ರಂಗಕ್ಕೆ ಬಂದದ್ದು ಗಂಡಸರ ನಟನೆ ಕೆಟ್ಟಿದ್ದಕ್ಕಲ್ಲ. ಅವರಿಗೂ ಆಡುವ ಆಸೆ ಇತ್ತು, ಒಳಗೆ ಬಿಡುವವರು ಇರಲಿಲ್ಲ, ಅಷ್ಟೇ. ನಿನ್ನ ಗೆಳತಿ ಆ ಪಾತ್ರ ಮಾಡಬಲ್ಲಳು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವಳಿಗೆ ನಾಟಕದ ಉಳಿದ ಪಾತ್ರಗಳೆಲ್ಲ ತೆರೆದಿವೆ. ಹಾವೇರಿ ಹುಡುಗಿಗೆ ಇದೊಂದೇ ತೆರೆದಿದೆ. ಅದನ್ನೂ ಮುಚ್ಚಿದರೆ ಅವಳು ಹೋಗುವುದೆಲ್ಲಿಗೆ?

ನಾನು ಕಾಲೇಜಿನಲ್ಲಿದ್ದಾಗ ನಾಟಕಕ್ಕೆ ಹೆಸರು ಕೊಟ್ಟಿದ್ದೆ. ಪೋಲಿಯೋ ಆದ ನನ್ನ ಕಾಲಿಗೆ ಆಸರೆಯಾಗಿ ಕಟ್ಟಿದ ಕ್ಯಾಲಿಪರ್ ನೋಡಿ ಮೇಷ್ಟ್ರು ಪರದೆ ಹಿಂದೆ ಹಾಡಲು ಕೂರಿಸಿದರು. ಅದೇ ನಾಟಕದಲ್ಲಿ ಒಬ್ಬ ಕುಂಟ ಮುದುಕಿ ಇದ್ದಳು. ಎರಡೂ ಕಾಲು ಗಟ್ಟಿಯಿದ್ದ ಹುಡುಗಿ ಆ ಪಾತ್ರ ಮಾಡಿದಳು, ಬಹುಮಾನವೂ ಬಂತು. ಆ ಹುಡುಗಿಯ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ. ಆದರೆ ನನ್ನನ್ನು ಒಂದು ಸಲ ನಡೆದು ತೋರಿಸು ಅಂತಲೂ ಯಾರೂ ಕೇಳಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ರಂಗದ ಮೇಲೆ ಕುಂಟುವವರು ಮೊದಲು ಮುಖ ಸಣ್ಣಗೆ ಮಾಡುತ್ತಾರೆ. ಆಮೇಲೆ ಸೊಂಟ ಬಗ್ಗಿಸಿ ಕಾಲು ಎಳೆಯುತ್ತಾರೆ. ನೀನು ಹುಟ್ಟಿದಾಗಿನಿಂದ ನನ್ನ ನಡಿಗೆ ನೋಡಿದ್ದೀಯ. ನನ್ನ ಮುಖಕ್ಕೂ ಕಾಲಿಗೂ ಏನಾದರೂ ಸಂಬಂಧ ಇದೆಯಾ? ಕ್ಯಾಲಿಪರ್ ಹಾಕಿದ ಎಡಗಾಲು ಮಂಡಿಯಲ್ಲಿ ಮಡಚುವುದಿಲ್ಲ. ಅದಕ್ಕೇ ಸೊಂಟ ಎತ್ತಿ, ಕಾಲನ್ನು ಹೊರಗಿನಿಂದ ಸುತ್ತಿಸಿ ತಂದು ಇಡುತ್ತೇನೆ. ಕೂರುವ ಮೊದಲು ಮಂಡಿಯ ಎರಡೂ ಬದಿಯ ಲಾಕ್ ಮೇಲೆತ್ತಬೇಕು. ಏಳುವಾಗ ಕಾಲು ನೆಟ್ಟಗೆ ಮಾಡಿದರೆ ಲಾಕ್ ಟಕ್ ಅಂತ ಕೆಳಗೆ ಬೀಳುತ್ತದೆ. ಆ ಸದ್ದು ಕೇಳದೆ ನಾನು ಹೆಜ್ಜೆ ಇಡುವುದಿಲ್ಲ. ಇಷ್ಟೆಲ್ಲ ನಡೆಯುವಾಗ ನಾನು ನಿನಗೆ ಡಬ್ಬಿ ಮರೆತಿದ್ದಕ್ಕೆ ಬೈಯುತ್ತಿರುತ್ತೇನೆ. ಕೈ ಲಾಕಿನ ಮೇಲೆ, ಮನಸ್ಸು ನಿನ್ನ ಡಬ್ಬಿಯ ಮೇಲೆ. ಕುಂಟುವುದು ದುಃಖ ಅಲ್ಲ, ಕೆಲಸ. ಇದು ಗೊತ್ತಿರುವ ನಟಿ ಆ ಪಾತ್ರಕ್ಕೆ ಬಂದರೆ ನಿನ್ನ ನಾಟಕವೇ ಬದಲಾಗುತ್ತದೆ.

ಹಾಗಂತ ಹಾವೇರಿ ಹುಡುಗಿ ಸುಮ್ನೆ ತನ್ನಷ್ಟಕ್ಕೆ ತಾನು ನಡೆದರೆ ಸಾಕು ಅಂದುಕೊಳ್ಳಬೇಡ. ಪೋಲಿಯೋ ಕಾಲು ಸೋತು ಸಡಿಲವಾಗಿರುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಜಾಸ್ತಿ ಜನಕ್ಕೆ ಸ್ನಾಯು ಬಿಗಿಯಾಗಿರುತ್ತದೆ. ಅವಳ ನಡಿಗೆ ಬೇರೆ, ನನ್ನದು ಬೇರೆ. ಅವಳೂ ನಟಿಸಲೇಬೇಕು. ಅದೇ ಕಾಯಿಲೆಯವರೇ ಬೇಕು ಅಂತ ಹಟ ಹಿಡಿದರೆ ನಿಮ್ಮ ವಯಸ್ಸಿನ ಪೋಲಿಯೋ ಹುಡುಗಿ ಸಿಗುವುದೂ ಕಷ್ಟ. ದೇಶದಲ್ಲಿ ವೈಲ್ಡ್ ಪೋಲಿಯೋದ, ಅಂದರೆ ಸಹಜ ವೈರಸ್ಸಿನಿಂದ ಬರುವ ಪೋಲಿಯೋದ, ಕೊನೆಯ ಕೇಸ್ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಘೋಷಣೆಯಾಯಿತು. ಮುಂದೆ ನನ್ನಂಥವರು ಕಥೆಯಲ್ಲಷ್ಟೇ ಉಳಿಯುತ್ತೇವೆ. ಇದಕ್ಕಿಂತ ಸಂತೋಷದ ಸುದ್ದಿ ನನಗೆ ಬೇರೆ ಇಲ್ಲ.

ಇನ್ನು ಪಳಗಿಲ್ಲ ಅನ್ನುವ ಮಾತು. ನೀನು ಗದಗಿನಲ್ಲಿ ಬೆಳೆದವಳು, ನಿನಗೆ ನಾನು ಹೇಳಬೇಕಾ? ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಪುಟ್ಟರಾಜರು ಅದೇ ಹಾವೇರಿ ಕಡೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದವರು. ಹಾಡಿದರು, ಹಲವು ವಾದ್ಯ ನುಡಿಸಿದರು, ನಾಟಕ ಬರೆದರು. ಆಶ್ರಮದ ಮಕ್ಕಳ ಊಟದ ಖರ್ಚಿಗೆ ನಾಟಕ ಕಂಪನಿಯನ್ನೇ ನಡೆಸಿದರು. 2010ರಲ್ಲಿ ಪದ್ಮಭೂಷಣ ಬಂತು. ಕಣ್ಣಿಲ್ಲದ ಎಷ್ಟೋ ಮಕ್ಕಳು ಆ ಆಶ್ರಮದಿಂದ ಗಾಯಕರಾಗಿ ಹೊರಬಂದರು. ಅವರೆಲ್ಲ ಮೊದಲ ದಿನವೇ ಪಳಗಿದ್ದರಾ? ಅಲ್ಲಿ ಊಟ ಇತ್ತು, ಮಲಗಲು ಜಾಗ ಇತ್ತು, ವರ್ಷಗಟ್ಟಲೆ ತಾಳ್ಮೆಯಿಂದ ಕಲಿಸುವ ಗುರು ಇದ್ದರು. ಸಂಗೀತದಲ್ಲಿ ನಮ್ಮ ಊರು ಇದನ್ನು ಯಾವತ್ತೋ ಮಾಡಿ ತೋರಿಸಿದೆ. ಹಾವೇರಿ ಹುಡುಗಿಗೆ ನಟನೆ ಕಲಿಸಿದವರು ಯಾರು? ಶಾಲೆಯ ಗ್ಯಾದರಿಂಗಿನಲ್ಲಾದರೂ ಅವಳನ್ನು ಯಾರಾದರೂ ವೇದಿಕೆ ಹತ್ತಿಸಿದ್ದರಾ? ಅದನ್ನು ಕೇಳದೆ ಅವಳನ್ನು ನಿನ್ನ ಗೆಳತಿಯ ಪಕ್ಕ ನಿಲ್ಲಿಸಿ ತೂಗುವುದು ನ್ಯಾಯವಲ್ಲ.

ಹೊರದೇಶದಲ್ಲೂ ಇದೇ ಹಾಡು. ಸೆರೆಬ್ರಲ್ ಪಾಲ್ಸಿ ಇದ್ದ ಐರಿಷ್ ಲೇಖಕ ಕ್ರಿಸ್ಟಿ ಬ್ರೌನ್ ಪಾತ್ರಕ್ಕೆ ಡೇನಿಯಲ್ ಡೇ-ಲೂಯಿಸ್‌ಗೆ 1990ರಲ್ಲಿ ಆಸ್ಕರ್ ಬಂತು, ವಿಜ್ಞಾನಿ ಸ್ಟೀಫನ್ ಹಾಕಿಂಗ್ ಪಾತ್ರಕ್ಕೆ ಎಡ್ಡಿ ರೆಡ್‌ಮೇನ್‌ಗೆ 2015ರಲ್ಲಿ. ಇಬ್ಬರೂ ದೊಡ್ಡ ನಟರು. ಹಾಕಿಂಗ್ ಪಾತ್ರವಂತೂ ಆರೋಗ್ಯವಂತ ಹುಡುಗನಾಗಿ ಶುರುವಾಗಿ ಗಾಲಿಕುರ್ಚಿಗೆ ಬರುತ್ತದೆ. ಅಂಥ ಕಡೆ ನಾನೂ ಹಟ ಮಾಡುವುದಿಲ್ಲ. ಆದರೆ ಮಾರ್ಲೀ ಮ್ಯಾಟ್ಲಿನ್ ಎಂಬ ಕಿವುಡ ನಟಿಗೆ 1987ರಲ್ಲಿ ಆಸ್ಕರ್ ಬಂದ ಮೇಲೆ ಇನ್ನೊಬ್ಬ ಕಿವುಡ ನಟ ಟ್ರಾಯ್ ಕಾಟ್ಸರ್‌ಗೆ ನಟನೆಗೆ ಅದು ಸಿಕ್ಕಿದ್ದು 2022ರಲ್ಲಿ. ನಡುವೆ 35 ವರ್ಷ. ಅವನಿಗೆ ಆಸ್ಕರ್ ತಂದ ‘ಕೋಡಾ’ ಸಿನಿಮಾದಲ್ಲಿ ಮ್ಯಾಟ್ಲಿನ್ ಅವನ ಹೆಂಡತಿಯಾಗಿದ್ದಳು. ಗಂಡನ ಪಾತ್ರಕ್ಕೆ ಕಿವಿ ಕೇಳುವ ನಟನನ್ನು ಹಾಕಿದರೆ ನಾನು ಮಾಡುವುದಿಲ್ಲ ಎಂದು ಅವಳು ಪಟ್ಟು ಹಿಡಿದಿದ್ದಕ್ಕೆ ಅವನಿಗೆ ಆ ಜಾಗ ಸಿಕ್ಕಿತು. ಒಳಗಿದ್ದವರು ಒಬ್ಬರು ಬಾಯಿ ಬಿಡಬೇಕು. ನಿಮ್ಮ ತಂಡದಲ್ಲಿ ಅದು ನೀನು.

ಜಾತ್ರೆಯ ಕಂಪನಿ ನಾಟಕಗಳಲ್ಲಿ ತೊದಲುವವನನ್ನು, ಕುಂಟ ಆಳನ್ನು ತಂದು ನಿಲ್ಲಿಸಿ ನಗಿಸುವುದನ್ನು ನೀನೂ ನೋಡಿದ್ದೀಯ. ನಾನು ಆ ನಗೆಯ ನಡುವೆ ಕೂತವಳು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸಿನಿಮಾದವರಿಗೆ ಈ ಬಗ್ಗೆ ಬುದ್ಧಿ ಹೇಳಿತು. ನಮ್ಮ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ನಮ್ಮನ್ನು ಕೀಳು ಮಾಡುವ ಹಾಸ್ಯ ಬೇರೆ ಎಂದಿತು. ನಮ್ಮ ಬಗ್ಗೆ ಏನು ಮಾಡುವುದಿದ್ದರೂ ನಮ್ಮನ್ನು ಸೇರಿಸಿಕೊಂಡೇ ಮಾಡಿ ಎಂದಿತು. ನಾಟಕದವರಿಗೂ ಈ ಮಾತು ಸಲ್ಲುತ್ತದೆ.

ಒಂದು ಮುಖ್ಯ ವಿಷಯ. ಹೋದ ವರ್ಷ ಬಹುಮಾನ ಕೊಡಲು ನನ್ನನ್ನು ಒಂದು ರಂಗಮಂದಿರಕ್ಕೆ ಕರೆದಿದ್ದರು. ಮುಂಬಾಗಿಲಿಗೆ ಚೆಂದದ ರ‍್ಯಾಂಪ್ ಇತ್ತು. ವೇದಿಕೆಗೆ ಹತ್ತಲು ಮಾತ್ರ ಕಡಿದಾದ ಮೆಟ್ಟಿಲು, ಹಿಡಿಯಲು ಕಂಬಿಯೂ ಇಲ್ಲ. ಕಟ್ಟಿದವರ ಲೆಕ್ಕದಲ್ಲಿ ನಮ್ಮಂಥವರು ನೋಡಲು ಬರುತ್ತೇವೆ, ಆಡಲು ಬರುವುದಿಲ್ಲ. ಸಾರ್ವಜನಿಕ ಕಟ್ಟಡಗಳಲ್ಲಿ ನಮಗೆ ಓಡಾಡಲು ಅನುಕೂಲ ಇರಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ನೀನು ಪಾತ್ರ ಹಂಚುವ ಮೊದಲು ನಿಮ್ಮ ಗ್ರೀನ್ ರೂಮಿನಿಂದ ವೇದಿಕೆಗೆ ದಾರಿ ಹೇಗಿದೆ, ಶೌಚಾಲಯ ಎಲ್ಲಿದೆ ಒಮ್ಮೆ ನಡೆದು ನೋಡು. ಮರದ ಹಲಗೆಯ ರ‍್ಯಾಂಪ್ ಆದರೂ ಹಾಕಿಸು. ರಿಹರ್ಸಲ್ ಹಾವೇರಿಯ ಕೊನೆ ಬಸ್ಸಿಗೆ ಮೊದಲು ಮುಗಿಯಲಿ. ಬಿಗಿದ ಸ್ನಾಯು ಬೇಗ ದಣಿಯುತ್ತದೆ, ನಡುವೆ ಕೂರಲು ಬಿಡು. ಆದರೆ ನಾಟಕದ ಮಾತು ಮರೆತು ತಪ್ಪಿದರೆ ಉಳಿದವರಿಗೆ ಬೈದಷ್ಟೇ ಅವಳಿಗೂ ಬೈ. ಅಲ್ಲಿ ರಿಯಾಯಿತಿ ಕೊಟ್ಟರೆ ಅದೇ ಕನಿಕರ.

ನಿನ್ನ ಗೆಳತಿಗೆ ನೇರವಾಗಿ ಹೇಳು. ಸುಳ್ಳು ನೆಪ ಬೇಡ. ಬೇಜಾರಾಗುತ್ತದೆ, ಆಗಲಿ.

ಸುಧಾ ಚಂದ್ರನ್ ಗೊತ್ತಲ್ಲ? 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡು, ‘ಜೈಪುರ ಕಾಲು’ ಎನ್ನುವ ಕೃತಕ ಕಾಲು ಹಾಕಿಕೊಂಡು ಮತ್ತೆ ಕುಣಿದವರು. 1985ರಲ್ಲಿ ಅವರದೇ ಕಥೆ ತೆಲುಗು ಸಿನಿಮಾ ಆಯಿತು, ಅವರೇ ನಟಿಸಿದರು. ಆದರೆ ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಆಮೇಲೆ ಅವರು ಟಿವಿಯಲ್ಲಿ ಮಾಡಿದ ಪಾತ್ರಗಳು. ದೊಡ್ಡ ಬೊಟ್ಟು, ಕೆಟ್ಟ ಕಣ್ಣು, ಮನೆಮಂದಿಯನ್ನೆಲ್ಲ ನಡುಗಿಸುವ ಅತ್ತೆ. ಅಲ್ಲಿ ಕಾಲಿನ ಸುದ್ದಿಯೇ ಇಲ್ಲ. ಈ ನಾಟಕ ಮುಗಿದ ಮೇಲೆ ಮುಂದಿನದಕ್ಕೂ ಹಾವೇರಿ ಹುಡುಗಿಯನ್ನು ಕರೆ. ವಕೀಲಳೋ, ರಾಣಿಯೋ, ಜಗಳಗಂಟಿ ನೆರೆಮನೆಯವಳೋ, ಯಾವುದಾದರೂ ಇರಲಿ. ಊರುಗೋಲು ಹಿಡಿದ ರಾಣಿಯನ್ನು ಜನ ಒಪ್ಪುತ್ತಾರಾ ಅಂತ ಯಾರಾದರೂ ಕೇಳಿದರೆ, ಆಡಿಸಿ ನೋಡೋಣ ಅನ್ನು.

ಪ್ರದರ್ಶನದ ದಿನ ಗೊತ್ತಾದ ಕೂಡಲೇ ತಿಳಿಸು, ಅಪ್ಪ ರಜೆ ಹಾಕಬೇಕು. ನನಗೆ ಎಡಗಾಲು ಚಾಚಲು ಆಗುವ ಹಾಗೆ ಅಂಚಿನ ಸೀಟು ಹಿಡಿದಿಡು.

ನಿನ್ನ
ಅವ್ವ